ಟೈಲ್ಸ್ ಕೆಳಗೆ ಏನಿದೆ ಅನ್ನೋದೇ ಮುಖ್ಯ

ಓದುಗರ ಪ್ರಶ್ನೆ, ಮೇಸ್ತ್ರಿಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ನೆಲದ ಟೈಲ್ಸ್ ಬಗ್ಗೆಯೇ ಇವೆ. ಹಾಗಾಗಿ ಗೋಡೆ, ಪೇಂಟಿಂಗ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಮೇಸ್ತ್ರಿಗಳೇ, ಜನವರಿಯಲ್ಲಿ ಒಂದು ರಾತ್ರಿ ನಮ್ಮ ಮನೆಯ ಹಾಲ್‌ನಲ್ಲಿ ಪಟಾಕಿ ಹೊಡೆದ ಹಾಗೆ ಶಬ್ದ ಬಂತು. ಎದ್ದು ನೋಡಿದರೆ ನಡುವಿನ ಎರಡು ಸಾಲು ಟೈಲ್ಸ್ ಮೇಲೆದ್ದು ನಿಂತಿದ್ದವು. ಮನೆ ಕಟ್ಟಿ ನಾಲ್ಕು ವರ್ಷ ಆಗಿದೆ. ಸಂದು ಕಾಣಬಾರದು ಅಂತ ನಾವೇ ಕೇಳಿ ಪೇಪರ್ ಜಾಯಿಂಟ್ (ಅಂಚಿಗೆ ಅಂಚು ತಾಗಿಸಿ) ಹಾಕಿಸಿದ್ದೆವು. ಅತ್ತೆ ವಾಸ್ತು ದೋಷ ಅನ್ನುತ್ತಿದ್ದಾರೆ, ಯಜಮಾನರು ಕಂಪನಿ ಮಾಲು ಕೆಟ್ಟದ್ದು ಅನ್ನುತ್ತಿದ್ದಾರೆ. ಏನಿರಬಹುದು?
— ಗೃಹಿಣಿ, ದಾವಣಗೆರೆ

ಉತ್ತರ: ವಾಸ್ತುವೂ ಅಲ್ಲ, ಕಂಪನಿಯೂ ಅಲ್ಲ ತಾಯಿ. ನಿಮ್ಮ ಪತ್ರದಲ್ಲೇ ಉತ್ತರ ಇದೆ. ಪೇಪರ್ ಜಾಯಿಂಟ್.

ಚಳಿಗಾಲದ ರಾತ್ರಿಯೇ ಯಾಕೆ ಎದ್ದವು ಅಂತ ಯೋಚಿಸಿ. ಚಳಿಗೆ ಎಲ್ಲ ವಸ್ತುವೂ ಕುಗ್ಗುತ್ತದೆ. ಆದರೆ ಕಾಂಕ್ರೀಟು ಟೈಲ್ಸ್‌ಗಿಂತ ಜಾಸ್ತಿ ಕುಗ್ಗುತ್ತದೆ. ಜೊತೆಗೆ ಹೊಸ ಸ್ಲ್ಯಾಬ್ ಒಣಗುತ್ತಾ ಕೆಲವು ವರ್ಷ ತಾನಾಗಿಯೇ ಸ್ವಲ್ಪ ಸ್ವಲ್ಪ ಕುಗ್ಗುತ್ತಾ ಇರುತ್ತದೆ. ಕೆಳಗಿನ ನೆಲ ಕುಗ್ಗಿದಾಗ ಮೇಲಿನ ಟೈಲ್ಸ್ ಒಂದನ್ನೊಂದು ಒತ್ತುತ್ತವೆ. ನಡುವೆ ಎರಡು ಮಿಲಿಮೀಟರ್ ಸಂದು ಇದ್ದರೆ ಅದರಲ್ಲಿರುವ ಗ್ರೌಟ್ (ಸಂದಿಗೆ ತುಂಬುವ ಮಾಲು) ಆ ಒತ್ತಡವನ್ನು ನುಂಗಿಕೊಳ್ಳುತ್ತದೆ. ಸಂದೇ ಇಲ್ಲದಿದ್ದರೆ ಅಂಚಿಗೆ ಅಂಚು ಒತ್ತಿ, ಎಲ್ಲಿ ಅಂಟು ಸಡಿಲ ಇದೆಯೋ ಅಲ್ಲಿ ಮೇಲಕ್ಕೆ ಚಿಮ್ಮುತ್ತದೆ. ಲೆಕ್ಕ ಹಾಕಿದರೆ ಒಂದು ರಾತ್ರಿಯ ಚಳಿಗೆ ಆಗುವ ವ್ಯತ್ಯಾಸ ಇಡೀ ಹಾಲಿಗೆ ಒಂದು ಮಿಲಿಮೀಟರೂ ಇರುವುದಿಲ್ಲ. ಅಷ್ಟು ಸಾಕು.

ಇನ್ನೊಂದು ಕಾರಣ ನಿಮಗೆ ಕಾಣಿಸಿರುವುದಿಲ್ಲ. ಎದ್ದಿರುವ ಒಂದು ಟೈಲ್ಸ್ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಸಿಮೆಂಟ್ ಅಂಟಿಕೊಂಡೇ ಇಲ್ಲ, ತೊಳೆದಿಟ್ಟ ಹಾಗೆ ಶುಭ್ರವಾಗಿದೆ ಅಲ್ವಾ? ನಿಮ್ಮದು ಜಾಸ್ತಿ ಉರಿಯಲ್ಲಿ ಸುಟ್ಟ ವಿಟ್ರಿಫೈಡ್ ಟೈಲ್ಸ್ ಇರಬೇಕು. ಅದು ನೀರನ್ನು ಹೆಚ್ಚೆಂದರೆ ತನ್ನ ತೂಕದ ಶೇ 0.5ರಷ್ಟು ಮಾತ್ರ ಹೀರುತ್ತದೆ. ಬರೀ ಸಿಮೆಂಟ್ ಹಾಲು, ಅಂದರೆ ನೀರಾಗಿ ಕಲಸಿದ ಸಿಮೆಂಟ್, ಅದರೊಳಗೆ ಇಳಿಯುವುದಿಲ್ಲ, ಕಚ್ಚಿಕೊಳ್ಳುವುದಿಲ್ಲ. ಅಂದರೆ ನಾಲ್ಕು ವರ್ಷ ಆ ಟೈಲ್ಸ್ ಸುಮ್ನೆ ಕೂತಿದ್ದವು ಅಷ್ಟೇ.

ಇಡೀ ಹಾಲ್ ಕೀಳಿಸಬೇಡಿ. ಒಂದು ನಾಣ್ಯ ತೆಗೆದುಕೊಂಡು ಪ್ರತಿ ಟೈಲ್ಸ್‌ನ ನಾಲ್ಕು ಮೂಲೆ ಮತ್ತು ನಡುವೆ ಬಡಿಯುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಸಣ್ಣ, ಬಿಗಿಯಾದ ಶಬ್ದ ಬರುತ್ತದೆ. ಟೊಳ್ಳು ಇದ್ದ ಕಡೆ ಡಬ್ ಅನ್ನುತ್ತದೆ. ಡಬ್ ಅಂದ ಟೈಲ್ಸ್ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ನಡುವೆ ಪೂರ್ತಿ ಟೊಳ್ಳು ಇರುವುದನ್ನು ಮಾತ್ರ ತೆಗೆಸಿ. ಒಂದು ಮೂಲೆಯಲ್ಲಿ ಸ್ವಲ್ಪ ಟೊಳ್ಳು ಇದ್ದು, ಅಲ್ಲಾಡದೆ ಇದ್ದರೆ ಬಿಟ್ಟುಬಿಡಿ. ಉಳಿದವುಗಳಿಗೆ ಈಗಲಾದರೂ ಉಸಿರಾಡಲು ಜಾಗ ಬೇಕು. ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಹಾಕಿದ ಟೈಲ್ಸ್ ಪಟ್ಟಿ) ತೆಗೆಸಿ, ಗೋಡೆಯ ಬುಡದಲ್ಲಿ ಸುತ್ತಲೂ 8ರಿಂದ 10 ಮಿಲಿಮೀಟರ್ ಖಾಲಿ ಬಿಡುವಂತೆ ಟೈಲ್ಸ್ ಅಂಚನ್ನು ಕಟ್ ಮಾಡಿಸಿ. ಅದರ ಮೇಲೆ ಸ್ಕರ್ಟಿಂಗ್ ಬಂದರೆ ಏನೂ ಕಾಣುವುದಿಲ್ಲ. ಆ ಸಂದಿನೊಳಗೆ ಸಿಮೆಂಟ್ ತುಂಬಲು ಮಾತ್ರ ಬಿಡಬೇಡಿ. ಕೆಲಸಗಾರರು ಒಳ್ಳೇದಾಗಲಿ ಅಂತಲೇ ತುಂಬಿಬಿಡುತ್ತಾರೆ. ನಿಂತು ನೋಡಿ.

ಹಾಲಿನ ಉದ್ದ 25 ಅಡಿಗಿಂತ ಜಾಸ್ತಿ ಇದ್ದರೆ ನಡುವೆ ಒಂದು ಸಾಲಿನ ಸಂದಿಗೆ ಗ್ರೌಟ್ ಬದಲು ಅದೇ ಬಣ್ಣದ ಸಿಲಿಕಾನ್ (ರಬ್ಬರಿನಂತೆ ಹಿಗ್ಗಿ ಕುಗ್ಗುವ ಅಂಟು) ಹಾಕಿಸಿ. ಹೊಸದಾಗಿ ಮನೆ ಕಟ್ಟಿಸುವವರಿಗೂ ಇದೇ ಮಾತು. ಸಂದು ಕಾಣದ ನೆಲ ಬೇಕು ಅಂತ ಹಟ ಹಿಡಿಯಬೇಡಿ. ಸಂದು ಬಿಡಲು ಎರಡು ಮಿಲಿಮೀಟರ್ ಸ್ಪೇಸರ್, ಟೈಲ್ಸ್ ಬಣ್ಣದ್ದೇ ಗ್ರೌಟ್, ಇಷ್ಟಿದ್ದರೆ ನಾಲ್ಕಡಿ ದೂರದಿಂದ ಯಾರಿಗೂ ಗೆರೆ ಕಾಣಿಸುವುದಿಲ್ಲ.

ಪ್ರಶ್ನೆ: ಹಾಲ್ 18×12 ಅಡಿ, ಒಂದು ರೂಮು 11×10, ಇನ್ನೊಂದು 10×10. ಎರಡಡಿ ಟೈಲ್ಸ್. ಅಂಗಡಿಯವರು ಒಂದು ಬಾಕ್ಸ್‌ಗೆ 16 ಚದರಡಿ, 27 ಬಾಕ್ಸ್ ಸಾಕು ಅಂದರು. ಮೇಸ್ತ್ರಿ 35 ಬೇಕು ಅನ್ನುತ್ತಾರೆ. ಯಾರನ್ನು ನಂಬಲಿ?
— ಶಿಕ್ಷಕರು, ಅರಸೀಕೆರೆ

ಉತ್ತರ: ನಿಮ್ಮ ಮೇಸ್ತ್ರಿಯನ್ನು. ಎಂಟು ಬಾಕ್ಸ್ ವ್ಯತ್ಯಾಸ ನೋಡಿ ಅನುಮಾನ ಬರುವುದು ಸಹಜ. ಅದಕ್ಕೆ ಲೆಕ್ಕ ಬಿಡಿಸಿ ಹೇಳುತ್ತೇನೆ.

ಎರಡಡಿ ಅನ್ನುವ ಟೈಲ್ಸ್ ನಿಜವಾಗಿ ಎರಡಡಿ ಇರುವುದಿಲ್ಲ. ಅದು 600 ಮಿಲಿಮೀಟರ್. ಎರಡಡಿ ಅಂದರೆ 610. ನಾಲ್ಕು ಟೈಲ್ಸ್ ಬಾಕ್ಸ್‌ನಲ್ಲಿ ಸಿಗುವುದು 15.5 ಚದರಡಿ, 16 ಅಲ್ಲ. ನಿಮ್ಮ ಮೂರೂ ಕೋಣೆ ಸೇರಿ 426 ಚದರಡಿ. ತುಂಡಾಗುವುದು, ಒಡೆಯುವುದು ಅಂತ ಶೇ 7 ಸೇರಿಸಿದರೆ ಸುಮಾರು 456. ಅದನ್ನು 15.5ರಿಂದ ಭಾಗಿಸಿ. 30 ಬಾಕ್ಸ್ ಬಂತು. ಇನ್ನು ಸ್ಕರ್ಟಿಂಗ್. ಬಾಗಿಲುಗಳನ್ನು ಬಿಟ್ಟು ಮೂರು ಕೋಣೆಯ ಸುತ್ತಳತೆ ಸುಮಾರು 127 ಅಡಿ. ಒಂದು ಟೈಲ್ಸ್ ಸೀಳಿದರೆ ನಾಲ್ಕಿಂಚಿನ ಆರು ಪಟ್ಟಿ, ಅಂದರೆ 12 ಅಡಿಗೆ ಸ್ವಲ್ಪ ಕಡಿಮೆ. ಹನ್ನೊಂದು ಟೈಲ್ಸ್ ಬೇಕು, ಮೂರು ಬಾಕ್ಸ್. ಒಟ್ಟು 33. ಮನೆಯಲ್ಲಿ ಎತ್ತಿಡಲು ಒಂದು ಬಾಕ್ಸ್. 34 ಆಯಿತು. ನಿಮ್ಮ ಮೇಸ್ತ್ರಿ ಒಂದು ಬಾಕ್ಸ್ ಜಾಸ್ತಿ ಹೇಳಿದ್ದಾರೆ, ಅದನ್ನು ನಾನು ಜಾಸ್ತಿ ಅನ್ನುವುದಿಲ್ಲ.

ಎತ್ತಿಡುವ ಬಾಕ್ಸ್ ದುಂದು ಅಲ್ಲ. ಬಾಕ್ಸ್ ಮೇಲೆ ಶೇಡ್ ಮತ್ತು ಬ್ಯಾಚ್ ನಂಬರ್ ಅಚ್ಚಾಗಿರುತ್ತದೆ. ಟೈಲ್ಸ್ ಕಾರ್ಖಾನೆಗಳ ಊರಾದ ಗುಜರಾತಿನ ಮೊರ್ಬಿಯಿಂದ ಒಂದು ಬ್ಯಾಚ್ ಹೊರಟರೆ ಅದೇ ಬಣ್ಣದ, ಅದೇ ಅಳತೆಯ ಮಾಲು ಮತ್ತೆ ಸಿಗುವುದು ಅನುಮಾನ. ಐದು ವರ್ಷ ಬಿಟ್ಟು ಪ್ಲಂಬರ್ ಒಂದು ಟೈಲ್ಸ್ ಒಡೆದರೆ ಬೇರೆಲ್ಲೂ ಸಿಗದೆ ಆ ಜಾಗ ತೇಪೆಯಾಗಿ ಉಳಿಯುತ್ತದೆ. ಮಾಲು ಇಳಿಸುವಾಗಲೇ ಪ್ರತಿ ಬಾಕ್ಸ್‌ನ ನಂಬರ್ ಓದಿ. ಬೇರೆ ಇದ್ದರೆ ಆಗಲೇ ವಾಪಸ್ ಕಳಿಸಿ. ಹಾಕಿದ ಮೇಲೆ ಯಾರೂ ಕೇಳುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಹತ್ತಡಿ ರೂಮಿಗೆ ಐದು ಟೈಲ್ಸ್ ಸರಿಯಾಗಿ ಕೂರುತ್ತದೆ ಅಂದುಕೊಳ್ಳಬೇಡಿ. ಸಂದು ಸೇರಿಸಿದರೂ ಮೂರೂವರೆ ಸೆಂಟಿಮೀಟರ್ ಹತ್ತಿರ ಪಟ್ಟಿ ಉಳಿಯುತ್ತದೆ. ಎರಡೂ ಗೋಡೆಗೆ ಅರ್ಧರ್ಧ ಟೈಲ್ಸ್ ಬರುವ ಹಾಗೆ ಹಾಕಿದರೆ ಚಂದ, ಆದರೆ ಮಾಲು ಜಾಸ್ತಿ ಹಾಳು. ನಾನಾದರೆ ಬಾಗಿಲ ಕಡೆಯಿಂದ ಪೂರ್ತಿ ಟೈಲ್ಸ್ ಹಿಡಿದು, ಆ ಪಟ್ಟಿಯನ್ನು ವಾರ್ಡ್‌ರೋಬ್ ಬರುವ ಗೋಡೆಗೆ ತಳ್ಳುತ್ತೇನೆ. ಮೇಸ್ತ್ರಿ ದಾರ ಕಟ್ಟುವ ಮೊದಲೇ ವಾರ್ಡ್‌ರೋಬ್ ಎಲ್ಲಿ ಅಂತ ಹೇಳಿಬಿಡಿ.

ಪ್ರಶ್ನೆ: ಸಿಮೆಂಟ್ ಹಾಲು ಹಾಕಿ ಕೂರಿಸಿದರೆ ಸಾಕು ಅನ್ನುತ್ತಾರೆ ಗಾರೆಯವರು. ಅಂಗಡಿಯವರು ಅಡೆಸಿವ್ (ಟೈಲ್ಸ್ ಅಂಟಿನ ಪುಡಿ) ಇಲ್ಲದೆ ಬೇಡವೇ ಬೇಡ ಅನ್ನುತ್ತಾರೆ. ಖರ್ಚು ಜಾಸ್ತಿ ಆಗುತ್ತೆ. ನಿಜ ಯಾವುದು?
— ಓದುಗರು, ಗದಗ

ಉತ್ತರ: ನೀವು ಯಾವ ಟೈಲ್ಸ್ ತಂದಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಬಿಲ್ಲಿನಲ್ಲಿ ಏನೇ ಬರೆದಿರಲಿ, ಒಂದು ಟೈಲ್ಸ್ ಕವುಚಿ ಹಾಕಿ ಹಿಂಬದಿಗೆ ಒಂದು ಚಮಚ ನೀರು ಬಿಡಿ. ಎರಡು ನಿಮಿಷದಲ್ಲಿ ನೀರು ಒಳಗೆ ಇಂಗಿ ಜಾಗ ಕಪ್ಪಾದರೆ ಅದು ಸೆರಾಮಿಕ್. ನೀರು ಹನಿಯಾಗಿಯೇ ನಿಂತಿದ್ದರೆ ವಿಟ್ರಿಫೈಡ್. ವಿಟ್ರಿಫೈಡ್ ಜಾಸ್ತಿ ಉರಿಯಲ್ಲಿ ಸುಟ್ಟು ಕಲ್ಲಾಗಿರುತ್ತದೆ.

ನೀರು ಹೀರುವ ಸೆರಾಮಿಕ್‌ಗೆ ಸಿಮೆಂಟ್ ಸಾಕು, ಮಾಡುವ ರೀತಿಯಲ್ಲಿ ಮಾಡಿದರೆ. ಒಂದು ಪಾಲು ಸಿಮೆಂಟ್‌ಗೆ ಐದು ಪಾಲು ಮರಳಿನ ಮಾಲು, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ನೀರು ಸೋರಬಾರದು. ಇಂಚಿಗಿಂತ ಸ್ವಲ್ಪ ದಪ್ಪಗೆ ಹರಡಿ ರಸಮಟ್ಟ ಇಟ್ಟು ಎಳೆಯಬೇಕು. ಟೈಲ್ಸ್ ಮೊದಲು ನೀರಿನಲ್ಲಿ ನೆನೆಸಿ, ಗುಳ್ಳೆ ಬರುವುದು ನಿಂತ ಮೇಲೆ ತೆಗೆದು, ಮೇಲಿನ ನೀರು ಆರಲು ಬಿಡಬೇಕು. ಒಣಗಿದ್ದನ್ನೇ ಇಟ್ಟರೆ ಅದು ಮಾಲಿನ ನೀರನ್ನೆಲ್ಲ ಹೀರಿಬಿಡುತ್ತದೆ, ಸಿಮೆಂಟ್ ಗಟ್ಟಿಯಾಗುವ ಮೊದಲೇ ಒಣಗುತ್ತದೆ. ಆಮೇಲೆ ಒಂದು ಟೈಲ್ಸ್ ಇಟ್ಟು ರಬ್ಬರ್ ಸುತ್ತಿಗೆಯಿಂದ ಬಡಿದು ಮಟ್ಟ ಮಾಡಿ, ಅದನ್ನು ಮತ್ತೆ ಎತ್ತಬೇಕು. ಇದನ್ನು ತುಂಬಾ ಜನ ಮಾಡುವುದಿಲ್ಲ. ಎತ್ತಿದಾಗ ಕೆಳಗಿನ ಮಾಲಿನಲ್ಲಿ ಎಲ್ಲಿ ಟೈಲ್ಸ್‌ನ ಗುರುತು ಬಿದ್ದಿಲ್ಲವೋ ಅಲ್ಲಿ ಗುಂಡಿ ಇದೆ ಅಂತ ಅರ್ಥ. ಕರಣೆ ತುದಿಯಿಂದ ಮಾಲು ಉದುರಿಸಿ ತುಂಬಿ, ಸಿಮೆಂಟ್ ಹಾಲು ಸುರಿದು, ಪೂರ್ತಿ ಹರಡಿದ ಮೇಲೆ ಟೈಲ್ಸ್ ಕೂರಿಸಬೇಕು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಸಿಮೆಂಟ್ ಇಟ್ಟು ಕೂರಿಸುವವರನ್ನು ಅಲ್ಲೇ ನಿಲ್ಲಿಸಿ. ನಡುವೆ ಖಾಲಿ ಇರುವ ಟೈಲ್ಸ್ ಮೇಲೆ ಗ್ಯಾಸ್ ಸಿಲಿಂಡರ್ ಇಟ್ಟ ದಿನ ಒಡೆಯುತ್ತದೆ.

ವಿಟ್ರಿಫೈಡ್ ಆದರೆ ಅಂಗಡಿಯವರು ಹೇಳಿದ್ದು ಸರಿ. ದಾವಣಗೆರೆ ತಾಯಿಯವರ ಕಥೆ ಮೇಲೆ ಓದಿದಿರಲ್ಲ. ಅಡೆಸಿವ್ ಚೀಲದ ಮೇಲೆ ಐಎಸ್ 15477 (ಟೈಲ್ಸ್ ಅಂಟಿನ ಭಾರತೀಯ ಮಾನದಂಡ) ಅಂತ ಇದೆಯಾ, ಯಾವ ಟೈಪ್ ಅಂತ ಇದೆಯಾ ನೋಡಿ. ಮನೆಯೊಳಗಿನ ಸೆರಾಮಿಕ್ ನೆಲಕ್ಕೆ ಟೈಪ್ 1 ನಡೆಯುತ್ತದೆ. ವಿಟ್ರಿಫೈಡ್‌ಗೆ ಟೈಪ್ 2 ಅಥವಾ ಅದಕ್ಕಿಂತ ಮೇಲಿನದು. ಮೂರು ಮಿಲಿಮೀಟರ್ ದಪ್ಪಕ್ಕೆ 20 ಕೆಜಿ ಚೀಲ 45ರಿಂದ 50 ಚದರಡಿ ಬರುತ್ತದೆ. ನೆಲ ಮೊದಲೇ ಮಟ್ಟ ಮಾಡಿ, ನೀರು ಹಾಕಿ, ಒಣಗಿಸಿರಬೇಕು. ಏರುಪೇರು ಮುಚ್ಚಲು ಅಡೆಸಿವ್ ದಪ್ಪ ಹಾಕಿದರೆ ಖರ್ಚೂ ಏರುತ್ತದೆ, ಕೆಲಸವೂ ಕೆಡುತ್ತದೆ. ವಿಟ್ರಿಫೈಡ್ ಟೈಲ್ಸ್ ನೆನೆಸಬೇಡಿ. ಹಿಂಬದಿಯಲ್ಲಿ ಬಿಳಿ ಪುಡಿ ಇರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ. ಆ ಪುಡಿ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ.

ಹಾಕಿದ ಮೇಲೆ ಒಂದು ದಿನ ಯಾರೂ ಕಾಲಿಡಬಾರದು. ಗ್ರೌಟ್ ಮಾರನೇ ದಿನ. ಬೀರು, ಮಂಚ ಒಂದು ವಾರ ಬಿಟ್ಟು. ನಮ್ಮಪ್ಪ ಮೊಸಾಯಿಕ್ ಕೆಲಸದವರು. ಕಲ್ಲಿನ ಚಿಪ್ಸ್ ಹಾಕಿ ಮುಗಿಸಿದ ಕೂಡಲೇ ಬಾಗಿಲಿಗೆ ಅಡ್ಡ ಹಲಗೆ ಕಟ್ಟಿ ಬರುತ್ತಿದ್ದರು, ಮನೆ ಯಜಮಾನರಿಗೂ ಪ್ರವೇಶ ಇಲ್ಲ. ನಾನೂ ಇವತ್ತಿಗೂ ಹಲಗೆ ಕಟ್ಟಿಯೇ ಬರುವುದು.

ಪ್ರಶ್ನೆ: ಟೈಲ್ಸ್ ಮೇಲಿನ ಸಿಮೆಂಟ್ ಕಲೆಗೆ ಆಸಿಡ್ ಹಾಕಬಹುದಾ?
— ಓದುಗರು, ಹಾಸನ

ಉತ್ತರ: ಬೇಡ. ಆಸಿಡ್ ಕಲೆಯ ಜೊತೆಗೆ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಆರು ತಿಂಗಳಲ್ಲಿ ಗ್ರೌಟ್ ಪುಡಿಯಾಗಿ ಉದುರಿ ಅಲ್ಲಿ ಇರುವೆ ಗೂಡು ಕಟ್ಟುತ್ತದೆ. ಬಿಸಿನೀರಿನಲ್ಲಿ ನೆನೆದ ಬಟ್ಟೆಯನ್ನು ಅರ್ಧ ಗಂಟೆ ಕಲೆ ಮೇಲಿಟ್ಟು, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಯಾವ ಕಾರಣಕ್ಕೂ ಒಟ್ಟಿಗೆ ಹಾಕಬೇಡಿ. ಅದರಿಂದ ಬರುವ ಕ್ಲೋರಿನ್ ಗಾಳಿ ಮುಚ್ಚಿದ ಬಚ್ಚಲಿನಲ್ಲಿ ಜೀವಕ್ಕೇ ಅಪಾಯ.

ಪ್ರಶ್ನೆ: ಹೊಸ ಬಾತ್‌ರೂಮಿನಲ್ಲಿ ನೀರು ಮೂಲೆಯಲ್ಲೇ ನಿಲ್ಲುತ್ತದೆ. ಅಮ್ಮನಿಗೆ 78 ವರ್ಷ, ಜಾರುತ್ತಾರೆ ಅಂತ ಭಯ. ಮೇಲಿಂದ ಏನಾದರೂ ಮಾಡಬಹುದಾ?
— ಓದುಗರು, ಚನ್ನಪಟ್ಟಣ

ಉತ್ತರ: ಮೇಲಿಂದ ಮಾಡುವುದು ಯಾವುದೂ ನಿಲ್ಲುವುದಿಲ್ಲ. ಅಮ್ಮನ ವಿಷಯ ಆದ್ದರಿಂದ ನೇರವಾಗಿ ಹೇಳುತ್ತೇನೆ, ನೆಲ ಕೀಳಿಸಿ.

ವಾಟ ಕೊಡುವುದರಲ್ಲಿ ತಪ್ಪಾಗಿದೆ. ಅಡಿಗೆ ಕಾಲು ಇಂಚು ಇಳಿಜಾರು ನೀರು ಹೋಗುವ ಜಾಲಿಯ ಕಡೆಗೆ ಬೇಕು. ಗೋಡೆಯಿಂದ ಜಾಲಿ ಐದಡಿ ದೂರ ಇದ್ದರೆ ಗೋಡೆಯ ಬುಡ ಒಂದೂಕಾಲು ಇಂಚು ಎತ್ತರ ಇರಬೇಕು. ಎರಡಡಿ ಟೈಲ್ಸ್ ಹಾಕಿ ನಾಲ್ಕೂ ಕಡೆಯಿಂದ ಈ ವಾಟ ತರುವುದು ಕಷ್ಟ, ಏಕೆಂದರೆ ಟೈಲ್ಸ್ ಬಾಗುವುದಿಲ್ಲ. ಬಾತ್‌ರೂಮ್ ನೆಲಕ್ಕೆ ಒಂದಡಿ ಟೈಲ್ಸ್ ಅಥವಾ ಅದಕ್ಕಿಂತ ಚಿಕ್ಕದೇ ಸರಿ. ಸಂದು ಜಾಸ್ತಿ ಇದ್ದಷ್ಟೂ ಕಾಲಿಗೆ ಹಿಡಿತ ಜಾಸ್ತಿ. ಹೊಳೆಯುವುದು ಬೇಡ, ಮ್ಯಾಟ್ ಇರಲಿ. ಬಾಕ್ಸ್ ಮೇಲೆ ಜಾರದಿರುವಿಕೆಯ ಗುರುತು ಆರ್ 10 ಅಥವಾ ಆರ್ 11 ಅಂತ ಇದ್ದರೆ ಒದ್ದೆಯಲ್ಲಿ ಜಾರುವುದು ಕಡಿಮೆ. ಅಂಗಡಿಯಲ್ಲೇ ಟೈಲ್ಸ್ ಮೇಲೆ ಸೋಪು ನೀರು ಹಾಕಿ, ಚಪ್ಪಲಿ ಬಿಟ್ಟು ಪಾದ ಉಜ್ಜಿ ನೋಡಿ. ಸಂಕೋಚ ಪಡಬೇಡಿ.

ಕಿತ್ತಾಗ ಕೆಳಗಿನ ವಾಟರ್‌ಪ್ರೂಫಿಂಗ್ ಪದರ ಹರಿದುಹೋಗುತ್ತದೆ. ಅದನ್ನು ಮತ್ತೆ ಮಾಡಿಸಿ, ಗೋಡೆಗೂ ಒಂದಡಿ ಏರಿಸಿ. ಆಮೇಲೆ ಜಾಲಿಯನ್ನು ಬಟ್ಟೆಯಿಂದ ಮುಚ್ಚಿ ನೀರು ತುಂಬಿಸಿ, ಗೋಡೆ ಮೇಲೆ ಪೆನ್ಸಿಲಿನಲ್ಲಿ ಮಟ್ಟ ಗುರುತು ಮಾಡಿ ಎರಡು ದಿನ ಬಿಡಿ. ನೀರಿನ ಮಟ್ಟ ಇಳಿಯದೆ, ಕೆಳಗಿನ ಸೀಲಿಂಗಿನಲ್ಲಿ ಒದ್ದೆ ಕಾಣದೆ ಇದ್ದರೆ ಮಾತ್ರ ಟೈಲ್ಸ್‌ಗೆ ಕೈ ಹಾಕಲಿ. ಈ ಕೆಲಸಕ್ಕೆ ಚದರಡಿ ಲೆಕ್ಕದ ಕೂಲಿ ಬೇಡ, ದಿನಗೂಲಿ ಕೊಡಿ. ಬಾತ್‌ರೂಮಿನಲ್ಲಿ ಅವಸರ ಮಾಡಿದವನಿಗೆ ಲಾಭ ಆಗುವ ಹಾಗೆ ಲೆಕ್ಕ ಇಡಬಾರದು. ಅಮ್ಮ ಕೈಯಲ್ಲಿ ಹಿಡಿದುಕೊಳ್ಳಲು ಗೋಡೆಗೆ ಕಂಬಿಯನ್ನೂ ಈಗಲೇ ಹಾಕಿಸಿಬಿಡಿ.

ಪ್ರಶ್ನೆ: ಅಜ್ಜನ ಕಾಲದ ಮನೆ. ರೆಡ್ ಆಕ್ಸೈಡ್ ನೆಲ, ಕೆಲವು ಕಡೆ ಬಿರುಕು. ಮಗ ಇದರ ಮೇಲೆಯೇ ಟೈಲ್ಸ್ ಹಾಕಿಸೋಣ ಅನ್ನುತ್ತಾನೆ. ನಿಮ್ಮ ಅಭಿಪ್ರಾಯ?
— ಓದುಗರು, ತೀರ್ಥಹಳ್ಳಿ

ಉತ್ತರ: ಟೈಲ್ಸ್ ಹಾಕಿ ಬದುಕುವವನು ನಾನು. ಆದರೂ ಹೇಳುತ್ತೇನೆ, ಹಾಕಿಸಬೇಡಿ.

ಆ ನೆಲವನ್ನು ಒಬ್ಬ ಕೆಲಸಗಾರ ಮಂಡಿಯೂರಿ ಕರಣೆಯಿಂದ ಉಜ್ಜಿ ಉಜ್ಜಿ ಹೊಳಪು ತಂದಿರುತ್ತಾನೆ. ಆ ಹೊಳಪಿಗೆ ಹೊಸ ಸಿಮೆಂಟ್ ಅಂಟುವುದಿಲ್ಲ. ಅಂಟಬೇಕಾದರೆ ಇಡೀ ನೆಲಕ್ಕೆ ಉಳಿಯಿಂದ ಕಚ್ಚು ಹಾಕಬೇಕು. ಆಮೇಲೆ ಅದು ವಾಪಸ್ ಬರುವುದಿಲ್ಲ. ಮಾಲು ಹಾಕಿ ಟೈಲ್ಸ್ ಕೂರಿಸಿದರೆ ನೆಲ ಒಂದೂವರೆ, ಎರಡು ಇಂಚು ಏರುತ್ತದೆ. ಹೊಸ್ತಿಲು ನೆಲಸಮ ಆಗುತ್ತದೆ, ಪ್ರತಿ ಬಾಗಿಲ ತಳ ಕೊಯ್ಯಬೇಕು. ಅಡೆಸಿವ್‌ನಲ್ಲಿ ತೆಳ್ಳಗೆ ಹಾಕಿದರೂ ಅರ್ಧ ಇಂಚು ಏರುತ್ತದೆ. ಮಲೆನಾಡಿನ ಹಳೆ ಮನೆಗಳಲ್ಲಿ ನೆಲದಡಿ ಬರೀ ಮಣ್ಣು. ಮಳೆಗಾಲದ ಥಂಡಿ (ತೇವ) ಸ್ವಲ್ಪ ಸ್ವಲ್ಪವಾಗಿ ನೆಲದ ಮೂಲಕವೇ ಹೊರಗೆ ಹೋಗುತ್ತಿರುತ್ತದೆ. ಮೇಲೆ ವಿಟ್ರಿಫೈಡ್ ಮುಚ್ಚಿದರೆ ಆ ಥಂಡಿ ಸಂದು ಮತ್ತು ಗೋಡೆಯ ಬುಡ ಹುಡುಕುತ್ತದೆ. ಬಿಳಿ ಉಪ್ಪು ಕಾಣಿಸಿಕೊಳ್ಳುತ್ತದೆ, ಪ್ಲಾಸ್ಟರ್ ಉದುರುತ್ತದೆ.

ಬಿರುಕುಗಳನ್ನು ಸ್ವಲ್ಪ ಅಗಲಿಸಿ, ಧೂಳು ತೆಗೆದು, ಸಿಮೆಂಟ್‌ಗೆ ಆಕ್ಸೈಡ್ ಸೇರಿಸಿ ತುಂಬಿಸಿ. ಬಣ್ಣ ಹೊಂದುತ್ತಾ ಅಂತ ಮೊದಲು ಮಂಚದಡಿ ಒಂದು ಕಡೆ ಮಾಡಿ ನೋಡಿ. ಸ್ವಲ್ಪ ಗೆರೆ ಕಂಡರೆ ಕಾಣಲಿ ಬಿಡಿ. ಅಡುಗೆಮನೆ, ಬಚ್ಚಲಿಗೆ ಮಗನ ಇಷ್ಟದಂತೆ ಟೈಲ್ಸ್ ಹಾಕಿಸಿ. ಮಂಗಳೂರು ಕಡೆ ಕೆಂಪು ಜೇಡಿಮಣ್ಣಿನ ನೆಲಹಂಚು ಸಿಗುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಅಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಕಾಲದಿಂದ ಆ ಊರಿಗೆ ಈ ಕೆಲಸ ಗೊತ್ತು. ಜಗಲಿಗೆ ಅದು ಒಪ್ಪುತ್ತದೆ.

ಪ್ರಶ್ನೆ: ನನಗೆ ಕೈಕೆಲಸ ಇಷ್ಟ. ನಮ್ಮ ಬಾಲ್ಕನಿ 4×9 ಅಡಿ. ನಾನೇ ಟೈಲ್ಸ್ ಹಾಕಬಹುದಾ?
— ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ಖಂಡಿತ ಹಾಕಬಹುದು ಮೇಡಂ, ಬಾಲ್ಕನಿ ಕಲಿಯಲು ಒಳ್ಳೆ ಜಾಗ. ಒಂದಡಿಯ ಮ್ಯಾಟ್ ಸೆರಾಮಿಕ್ ತನ್ನಿ, 42 ಟೈಲ್ಸ್. ನಿಜಕ್ಕೆ ಬೇಕಾಗುವುದು 36. ಒಂದಡಿ ಟೈಲ್ಸ್ 300 ಮಿಲಿಮೀಟರ್, ಒಂದಡಿ ಅಂದರೆ 305. ಉಳಿಯುವ ಆ ಐದು ಮಿಲಿಮೀಟರಿನಲ್ಲಿ ಮೂರು ಮಿಲಿಮೀಟರಿನ ಸಂದೂ ಬರುತ್ತದೆ, ಗೋಡೆ ಪಕ್ಕದ ಗ್ಯಾಪೂ ಬರುತ್ತದೆ. ಅಳತೆ ಸರಿ ಇದ್ದರೆ ಜಾಲಿ ಹತ್ತಿರ ಬಿಟ್ಟು ಕಟಿಂಗೇ ಇಲ್ಲ.

ಮೊದಲು ಅಂಟಿಲ್ಲದೆ ಎಲ್ಲವನ್ನೂ ಜೋಡಿಸಿ ನೋಡಿ. ನೆಲಕ್ಕೆ ಒಂದು ಬಕೆಟ್ ನೀರು ಸುರಿಯಿರಿ. ನೀರು ನಿಂತರೆ ಮೊದಲು ಗಾರೆಯವರನ್ನು ಕರೆಸಿ ವಾಟ ಸರಿ ಮಾಡಿಸಿ, ಅದು ಅಡೆಸಿವ್‌ನಿಂದ ಆಗುವ ಕೆಲಸ ಅಲ್ಲ. ಬಾಲ್ಕನಿಗೆ ಬಿಸಿಲು, ಮಳೆ ಎರಡೂ ಬೀಳುತ್ತದೆ, ಹಾಗಾಗಿ ಟೈಪ್ 2 ಅಡೆಸಿವ್ ತನ್ನಿ. ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಪುಡಿ. ಕಲಸಿ ಐದು ನಿಮಿಷ ಬಿಟ್ಟು ಮತ್ತೆ ಕಲಸಿ. ಒಂದು ಸಲಕ್ಕೆ ಮೂರು ನಾಲ್ಕು ಟೈಲ್ಸ್‌ಗೆ ಆಗುವಷ್ಟು ಮಾತ್ರ ಹರಡಿ, ಹಲ್ಲಿನ ಕರಣೆಯನ್ನು ಒಂದೇ ದಿಕ್ಕಿಗೆ ಎಳೆಯಿರಿ. ಸುಮಾರು 20 ನಿಮಿಷದಲ್ಲಿ ಮೇಲೆ ಕೆನೆ ಕಟ್ಟುತ್ತದೆ. ಬೆರಳಿಗೆ ಅಂಟದಿದ್ದರೆ ಅದನ್ನು ಕೆರೆದು ಎಸೆಯಿರಿ, ನೀರು ಹಾಕಿ ಮತ್ತೆ ಕಲಸಬೇಡಿ. ಟೈಲ್ಸ್ ಇಟ್ಟು ಗೆರೆಗಳಿಗೆ ಅಡ್ಡಲಾಗಿ ಸ್ವಲ್ಪ ಆಚೀಚೆ ಆಡಿಸಿ ಒತ್ತಿ. ಮೊದಲನೆಯದನ್ನು ಎತ್ತಿ ಹಿಂಬದಿ ನೋಡಿ. ಪೂರ್ತಿ ಅಂಟು ಹತ್ತಿರಬೇಕು.

ಕಟ್ ಮಾಡಲು ಕೈಯಲ್ಲಿ ಎಳೆಯುವ ಟೈಲ್ಸ್ ಕಟ್ಟರ್ ಸಾಕು. ಮಿಷನ್ ಬಳಸಿದರೆ ಕನ್ನಡಕ, ಮಾಸ್ಕ್ ಬೇಕೇ ಬೇಕು, ಆ ಧೂಳು ಎದೆಗೆ ಒಳ್ಳೆಯದಲ್ಲ. ಗೋಡೆ ಮತ್ತು ಪ್ಯಾರಪೆಟ್ ಪಕ್ಕದ ಗ್ಯಾಪಿಗೆ ಗ್ರೌಟ್ ಬೇಡ, ಸಿಲಿಕಾನ್ ಹಾಕಿ. ಉಳಿದ ಸಂದುಗಳಿಗೆ ಮಾರನೇ ದಿನ ಗ್ರೌಟ್ ತುಂಬಿ, ಒದ್ದೆ ಸ್ಪಂಜಿನಿಂದ ಓರೆಯಾಗಿ ಒರೆಸಿ, ನೇರ ಒರೆಸಿದರೆ ಸಂದಿನಿಂದ ಎದ್ದು ಬರುತ್ತದೆ. ಗಿಡದ ಕುಂಡಗಳನ್ನು ಒಂದು ವಾರ ಬಿಟ್ಟು ಇಡಿ. ಕೆಲಸ ಮುಗಿದ ಮೇಲೆ ಒಂದು ಫೋಟೋ ಕಳಿಸಿ, ಟೊಳ್ಳು ಶಬ್ದ ಎಷ್ಟು ಕಡೆ ಬಂತು ಅನ್ನುವುದನ್ನೂ ಬರೆಯಿರಿ.